ಕಾಲೇಜು ಬರವಣಿಗೆ ಕೇಂದ್ರ ಮತ್ತು ಪ್ರೌಢಶಾಲೆಗಳ ಸಹಭಾಗಿತ್ವ

ಕಾಲೇಜು ಬರವಣಿಗೆ ಕೇಂದ್ರ ಮತ್ತು ಪ್ರೌಢಶಾಲೆಗಳ ಸಹಭಾಗಿತ್ವ ಎಂದರೆ ಕಾಲೇಜಿನ ವಿದ್ಯಾರ್ಥಿಗಳೂ ಅಧ್ಯಾಪಕರೂ ಸಮೀಪದ ಪ್ರೌಢಶಾಲೆಯ ಮಕ್ಕಳ ಬರವಣಿಗೆಗೆ ನಿಯತವಾಗಿ ನೆರವಾಗುವ ಶೈಕ್ಷಣಿಕ ವ್ಯವಸ್ಥೆ. ಬರವಣಿಗೆ ಕೇಂದ್ರದಲ್ಲಿ ಬರೆದವರೂ ಓದುವವರೂ ಎದುರುಬದುರು ಕುಳಿತು ಕರಡನ್ನು ಚರ್ಚಿಸುತ್ತಾರೆ. ಅಲ್ಲಿ ಅಂಕ ನೀಡುವ ಪದ್ಧತಿ ಇರುವುದಿಲ್ಲ.

ಹಿನ್ನೆಲೆ

ಈ ಕೇಂದ್ರಗಳು ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬೆಳೆದವು. ಪರ್ಡ್ಯೂ ವಿಶ್ವವಿದ್ಯಾಲಯದ ಬರವಣಿಗೆ ಪ್ರಯೋಗಾಲಯವು 1976ರಲ್ಲಿ ಆರಂಭವಾಯಿತು. 1974ರಲ್ಲಿ ಬರ್ಕಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಗ್ರೇ ಆರಂಭಿಸಿದ ಬೇ ಏರಿಯಾ ಬರವಣಿಗೆ ಯೋಜನೆಯು ಶಾಲಾ ಶಿಕ್ಷಕರನ್ನೂ ವಿಶ್ವವಿದ್ಯಾಲಯವನ್ನೂ ಸಮಾನ ನೆಲೆಯಲ್ಲಿ ಒಟ್ಟುಗೂಡಿಸಿತು. ಭಾರತದಲ್ಲಿ ಸೋನಿಪತ್‌ನ ಅಶೋಕ ವಿಶ್ವವಿದ್ಯಾಲಯ ಇಂತಹ ಕೇಂದ್ರವನ್ನು ಹೊಂದಿದೆ.

ಕರ್ನಾಟಕದಲ್ಲಿ ಕಾಲೇಜು ವಿದ್ಯಾರ್ಥಿಗಳ ಬರವಣಿಗೆಗೆ ಹಿಂದಿನಿಂದಲೂ ಕನ್ನಡ ಸಂಘಗಳು ಆಶ್ರಯ ನೀಡಿವೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘ ಮತ್ತು ಎ. ಆರ್. ಕೃಷ್ಣಶಾಸ್ತ್ರಿಗಳು ಆರಂಭಿಸಿದ 'ಪ್ರಬುದ್ಧ ಕರ್ನಾಟಕ' ಪತ್ರಿಕೆ ಇದಕ್ಕೆ ಪ್ರಸಿದ್ಧ ನಿದರ್ಶನಗಳು.

ಅಗತ್ಯ

ಎಸ್.ಎಸ್.ಎಲ್.ಸಿ. ಕನ್ನಡ ಪರೀಕ್ಷೆಯಲ್ಲಿ ಪ್ರಬಂಧ, ಪತ್ರಲೇಖನ ಹಾಗೂ ಗಾದೆ ವಿಸ್ತರಣೆ ಇರುತ್ತವೆ. ಗೈಡುಗಳಲ್ಲಿನ ಪ್ರಬಂಧವನ್ನು ಬಾಯಿಪಾಠ ಮಾಡಿ ಬರೆಯುವ ರೂಢಿ ವ್ಯಾಪಕವಾಗಿದೆ. ಕನ್ನಡ ಮಾಧ್ಯಮದಲ್ಲಿ ಓದಿದ ವಿದ್ಯಾರ್ಥಿಯು ಮುಂದೆ ವಿಜ್ಞಾನ ಅಥವಾ ವಾಣಿಜ್ಯ ವಿಷಯಗಳನ್ನು ಇಂಗ್ಲಿಷಿನಲ್ಲಿ ಓದಬೇಕಾದಾಗ, ಸ್ವಂತವಾಗಿ ಬರೆಯುವ ಅಭ್ಯಾಸವಿಲ್ಲದಿದ್ದರೆ ತೊಡಕು ಇಮ್ಮಡಿಯಾಗುತ್ತದೆ. ಅದೇ ಹಾದಿಯಲ್ಲಿ ಬಂದ ಹಿರಿಯ ವಿದ್ಯಾರ್ಥಿಗೆ ಈ ತೊಡಕು ಅನುಭವದಿಂದ ತಿಳಿದಿರುತ್ತದೆ.

ಕಾರ್ಯವಿಧಾನ

ಮಾರ್ಗದರ್ಶಕರಾದ ಕಾಲೇಜು ವಿದ್ಯಾರ್ಥಿಗಳಿಗೆ ಮೊದಲು ತರಬೇತಿ ನೀಡಲಾಗುತ್ತದೆ. ಅವರು ಮಗುವಿನಿಂದಲೇ ಕರಡನ್ನು ಗಟ್ಟಿಯಾಗಿ ಓದಿಸಿ, ಅರ್ಥವಾಗದ ಕಡೆ ಪ್ರಶ್ನೆ ಕೇಳುತ್ತಾರೆ. ವಿಷಯ ಮತ್ತು ಕ್ರಮದ ಚರ್ಚೆ ಮುಗಿದ ಬಳಿಕ ಕಾಗುಣಿತ, ಲೇಖನಚಿಹ್ನೆಗಳತ್ತ ಗಮನ ಹರಿಸಲಾಗುತ್ತದೆ. ತಿದ್ದಿ ಬರೆಯುವ ಹೊಣೆ ಮಗುವಿನದೇ ಆಗಿರುತ್ತದೆ. ಯಾವ ತರಗತಿ, ಯಾವ ಪಾಠ ಎಂಬುದನ್ನು ಶಾಲೆಯ ಭಾಷಾ ಶಿಕ್ಷಕರು ನಿರ್ಧರಿಸುತ್ತಾರೆ.

ಪಾಂಡವಪುರ ಉಪವಿಭಾಗದಲ್ಲಿ ಅನ್ವಯ

ಮಂಡ್ಯ ಜಿಲ್ಲೆಯ ಪಾಂಡವಪುರ ಉಪವಿಭಾಗವು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳನ್ನು ಒಳಗೊಂಡಿದೆ. ಬರವಣಿಗೆಗೆ ಇಲ್ಲಿ ಸ್ಥಳೀಯ ವಸ್ತುಗಳು ಹೇರಳವಾಗಿವೆ: ಶ್ರೀರಂಗಪಟ್ಟಣದ ಕೋಟೆ, ರಂಗನತಿಟ್ಟು ಪಕ್ಷಿಧಾಮ, ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಾಲಯ, ನಾಲೆಯ ಬಯಲಿನ ಕಬ್ಬು, ನಾಗಮಂಗಲದ ಮಳೆಯಾಶ್ರಿತ ಹೊಲಗಳ ರಾಗಿ. ಬೆಳ್ಳೂರಿನ ಮನೆತನದ ಬಿ. ಎಂ. ಶ್ರೀಕಂಠಯ್ಯ, ಅಕ್ಕಿಹೆಬ್ಬಾಳಿನ ಎ. ಎನ್. ಮೂರ್ತಿರಾವ್, ಮೇಲುಕೋಟೆಯ ಪು. ತಿ. ನರಸಿಂಹಾಚಾರ್ ಮತ್ತು ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿ ಈ ತಾಲ್ಲೂಕುಗಳಿಗೆ ಸೇರಿದ ಲೇಖಕರು. ಇವರಲ್ಲಿ ಮೂರ್ತಿರಾಯರು ಲಘು ಪ್ರಬಂಧ ಪ್ರಕಾರದಲ್ಲಿ ಹೆಸರಾದವರು. ದಿನನಿತ್ಯದ ಸಾಮಾನ್ಯ ಸಂಗತಿಯೂ ಪ್ರಬಂಧದ ವಸ್ತುವಾಗಬಲ್ಲದು ಎಂಬುದಕ್ಕೆ ಅವರ ಬರಹಗಳು ಮಾದರಿ.

ಸವಾಲುಗಳು

ಪದವಿ ಕಾಲೇಜುಗಳು ಹಾಗೂ ಪ್ರೌಢಶಾಲೆಗಳು ಬೇರೆ ಬೇರೆ ಇಲಾಖೆಗಳ ಅಧೀನದಲ್ಲಿರುವುದರಿಂದ ಪ್ರಾಂಶುಪಾಲರು, ಮುಖ್ಯೋಪಾಧ್ಯಾಯರು ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿಗಳ ನಡುವೆ ಹೊಂದಾಣಿಕೆ ಬೇಕಾಗುತ್ತದೆ. ಸಂಜೆಯ ಬಸ್ಸನ್ನೇ ಅವಲಂಬಿಸಿದ ಹಳ್ಳಿಯ ಮಕ್ಕಳಿಗೆ ಶಾಲಾವಧಿಯಲ್ಲೇ ಸಮಯ ಒದಗಿಸಬೇಕಾಗುತ್ತದೆ. ಮಾರ್ಗದರ್ಶಕರು ಪದವಿ ಮುಗಿಸಿ ಹೊರಟಾಗ ಕೆಲಸ ನಿಲ್ಲದಿರಲು ಪ್ರತಿವರ್ಷ ಹೊಸಬರಿಗೆ ತರಬೇತಿ ನೀಡುವುದು ಅವಶ್ಯಕ. ಮಾರ್ಗದರ್ಶಕರೇ ಉತ್ತರ ಬರೆದುಕೊಟ್ಟರೆ ಅದು ಗೈಡಿನ ಮತ್ತೊಂದು ರೂಪವಾಗಿ, ವ್ಯವಸ್ಥೆಯ ಉದ್ದೇಶವೇ ವಿಫಲವಾಗುತ್ತದೆ.