ಇದ್ದಿಲ ಬಸ್ಸು, ಡೀಸೆಲ್ ಬಸ್ಸು, ಮಲೆನಾಡಿನ ಲೆಕ್ಕ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ: ಈ ಮೂರು ತಾಲ್ಲೂಕುಗಳಿಗೆ ಇಂದು ರೈಲಿಲ್ಲ. ಒಂದು ಕಾಲಕ್ಕೆ ತರೀಕೆರೆಯಿಂದ ನರಸಿಂಹರಾಜಪುರದವರೆಗೆ ಕಿರುಹಳಿಯ ಮೇಲೆ ಪುಟ್ಟ ಗಾಡಿಯೊಂದು ಓಡಾಡುತ್ತಿತ್ತು. ಎಡೇಹಳ್ಳಿ ಎಂಬ ಹಳೆಯ ಊರು ಯುವರಾಜರ ಹೆಸರು ಪಡೆದ ಕಾಲದ ಮಾತು ಅದು. ಆ ಹಳಿಯೂ ಹೋಯಿತು. ಅಲ್ಲಿಂದೀಚೆಗೆ ಅಡಿಕೆ ಮಂಡಿಗೆ ಹೋಗಬೇಕಾದರೂ, ಬಾಣಂತಿ ಆಸ್ಪತ್ರೆಗೆ ಹೋಗಬೇಕಾದರೂ, ಮಕ್ಕಳು ಕಾಲೇಜಿಗೆ ಹೋಗಬೇಕಾದರೂ ಎಣ್ಣೆ ಸುಡಲೇಬೇಕು. ಆ ಎಣ್ಣೆ ಎಲ್ಲೋ ಸಮುದ್ರದಾಚೆಯ ನೆಲದಿಂದ ಬರಬೇಕು. ಅದು ಬಾರದೆ ಹೋದಾಗ, ಬಂದರೂ ಕೈಗೆಟುಕದೆ ಹೋದಾಗ ಈ ಊರುಗಳು ಏನು ಮಾಡಿದವು ಎಂಬುದಕ್ಕೆ ಒಂದು ಚರಿತ್ರೆಯಿದೆ. ನಾವು ಅದನ್ನು ಚರಿತ್ರೆ ಎಂದು ಲೆಕ್ಕಕ್ಕಿಡುವುದಿಲ್ಲ, ಅಷ್ಟೆ.

ಎರಡನೆಯ ಮಹಾಯುದ್ಧ ಬರುವವರೆಗೆ ಭಾರತದ ಎಣ್ಣೆಯ ದೊಡ್ಡ ಪಾಲು ಬರ್ಮಾದಿಂದ ಬರುತ್ತಿತ್ತು. ಅಸ್ಸಾಮಿನ ಡಿಗ್ಬಾಯ್ ಬಾವಿಗಳಿದ್ದವು ನಿಜ, ಆದರೆ ಅವು ಎಲ್ಲಿಗೆ ಸಾಕು? 1942ರ ಮಾರ್ಚಿನಲ್ಲಿ ರಂಗೂನು ಜಪಾನಿಯರ ಕೈಸೇರಿತು. ಮರುತಿಂಗಳೇ ಬ್ರಿಟಿಷರು ಯೆನಾಂಗ್ಯಾಂಗಿನ ಎಣ್ಣೆಬಾವಿಗಳನ್ನು ಶತ್ರುವಿಗೆ ಸಿಗಬಾರದೆಂದು ತಾವೇ ನಾಶಮಾಡಿ ಹಿಂದೆ ಸರಿದರು. ಪೆಟ್ರೋಲಿಗೆ ಅದಾಗಲೇ ರೇಷನ್ ಬಂದಿತ್ತು. ಇದ್ದದ್ದು ಮೊದಲು ಸೈನ್ಯಕ್ಕೆ, ಉಳಿದರೆ ಮಿಕ್ಕವರಿಗೆ. ಮೈಸೂರು ಸೀಮೆಯ ಬಸ್ಸುಗಳ ಬೆನ್ನಿಗೆ ಇದ್ದಿಲ ಒಲೆ ಅಂಟಿಕೊಂಡದ್ದು ಆಗ.

ಹಳಬರು ಇದನ್ನು ‘ಕಲ್ಲಿದ್ದಲ ಬಸ್ಸು’ ಎನ್ನುವುದುಂಟು. ಆದರೆ ಮಲೆನಾಡಿನಲ್ಲಿ ಅದಕ್ಕೆ ಹಾಕುತ್ತಿದ್ದದ್ದು ಗಣಿಯ ಕಲ್ಲಿದ್ದಲಲ್ಲ, ಕಾಡಿನ ಮರ ಸುಟ್ಟ ಇದ್ದಿಲು. ಬಸ್ಸಿನ ಹಿಂಭಾಗದಲ್ಲಿ ಆಳೆತ್ತರದ ತಗಡಿನ ಡ್ರಮ್ಮು. ಅದರಲ್ಲಿ ಇದ್ದಿಲು ತುಂಬಿ, ಕೆಳಗಿನಿಂದ ಬೆಂಕಿ ಕೊಟ್ಟು, ಬೇಕಾದಷ್ಟು ಗಾಳಿ ಸಿಗದಂತೆ ಅರೆಬರೆ ಉರಿಸಬೇಕು. ಹಾಗೆ ಉರಿದಾಗ ಕಾರ್ಬನ್ ಮಾನಾಕ್ಸೈಡ್ ಎಂಬ ಉರಿಯಬಲ್ಲ ಅನಿಲ ಹುಟ್ಟುತ್ತದೆ. ಅದನ್ನು ಕೊಳವೆಗಳಲ್ಲಿ ತಣಿಸಿ, ಬೂದಿ ಸೋಸಿ, ಎಂಜಿನ್ನಿಗೆ ಬಿಟ್ಟರೆ ಪೆಟ್ರೋಲಿನ ಜಾಗದಲ್ಲಿ ಅದೇ ಕೆಲಸ ಮಾಡುತ್ತದೆ. ಇದಕ್ಕೆಲ್ಲ ಬೆಳಗಿನ ಜಾವ ಎದ್ದು ಹ್ಯಾಂಡಲ್ ತಿರುಗಿಸಿ ಗಾಳಿ ಹಾಕುವವನು ಕ್ಲೀನರ್. ಬಸ್ಸು ಹೊರಡುವ ಹೊತ್ತಿಗೆ ಅವನ ಮೈಕೈ ಮುಖವೆಲ್ಲ ಮಸಿ. ವಿಷದ ಅನಿಲವಾದ್ದರಿಂದ ಸೋರಿದರೆ ತಲೆಸುತ್ತು, ಹೆಚ್ಚಾದರೆ ಜೀವಕ್ಕೇ ಸಂಚಕಾರ.

ಎಂಜಿನ್ನಿನ ಶಕ್ತಿಯಲ್ಲಿ ಮೂರನೆಯ ಒಂದು ಭಾಗ, ಕೆಲವೊಮ್ಮೆ ಅದಕ್ಕಿಂತ ಹೆಚ್ಚು, ಕುಸಿಯುತ್ತಿತ್ತು. ಬಯಲುಸೀಮೆಯಲ್ಲಿ ಹೇಗೋ ನಡೆದೀತು, ಏರುದಾರಿಯಲ್ಲಿ? ಚಡಾವು ಬಂದಾಗ ಪ್ರಯಾಣಿಕರೆಲ್ಲ ಇಳಿದು, ಗಂಡಸರು ತಳ್ಳಿ, ಹೆಂಗಸರು ಮಕ್ಕಳು ನಡೆದು, ಮೇಲೆ ಹತ್ತಿದ ಮೇಲೆ ಮತ್ತೆ ಬಸ್ಸೇರುವುದು ಮಲೆನಾಡಿನ ಮನೆಮನೆಯಲ್ಲೂ ಕೇಳಿಬರುವ ಕತೆ. ನಗುತ್ತಲೇ ಹೇಳುತ್ತಾರೆ. ಆದರೆ ಈ ಕತೆಯೊಳಗೆ ಯಾರೂ ಹೇಳದ ಇನ್ನೊಂದು ಲೆಕ್ಕವಿದೆ. ಹಳೆಯ ಮಣ್ಣುಗೂಡಿನಲ್ಲಿ ಒಂದು ಕಿಲೋ ಇದ್ದಿಲು ಬೇಕಾದರೆ ನಾಲ್ಕೈದು ಕಿಲೋ ಕಟ್ಟಿಗೆ ಸುಡಬೇಕು. ಬರ್ಮಾದ ಎಣ್ಣೆಗೆ ಬದಲಾಗಿ ಸುಟ್ಟದ್ದು ನಮ್ಮ ಕಾಡನ್ನು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯೂ 1923ರಿಂದ ಇದೇ ಕಾಡಿನ ಇದ್ದಿಲನ್ನು ನಂಬಿಕೊಂಡಿತ್ತು ಎಂಬುದನ್ನು ನೆನೆದರೆ, ಆ ವರ್ಷಗಳಲ್ಲಿ ಭದ್ರೆಯ ದಂಡೆಯ ಮರಗಳ ಮೇಲೆ ಬಿದ್ದ ಭಾರ ಎಷ್ಟೆಂದು ಊಹಿಸಬಹುದು. ಸ್ವದೇಶಿ ಇಂಧನ ಎಂದ ಮಾತ್ರಕ್ಕೆ ಅದು ಪುಕ್ಕಟೆಯಲ್ಲ.

ಯುದ್ಧ ಮುಗಿದು ಪೆಟ್ರೋಲು ಸಲೀಸಾಗಿ ಸಿಗತೊಡಗಿದ್ದೇ ತಡ, ಇದ್ದಿಲ ಡ್ರಮ್ಮುಗಳು ಗುಜರಿ ಸೇರಿದವು. ಆ ವಿದ್ಯೆ ಮಾತ್ರ ಪೂರ್ತಿ ಸಾಯಲಿಲ್ಲ. 1973ರಲ್ಲಿ ಅರಬ್ ದೇಶಗಳು ಕೈಬಿಗಿ ಹಿಡಿದು ಕಚ್ಚಾ ತೈಲದ ಬೆಲೆ ಕೆಲವೇ ತಿಂಗಳಲ್ಲಿ ನಾಲ್ಕು ಪಟ್ಟಾದಾಗ ಜಗತ್ತು ಮತ್ತೆ ಕಟ್ಟಿಗೆಯ ಅನಿಲದ ಕಡೆ ತಿರುಗಿ ನೋಡಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದ ಕೊನೆಗೆ ತುಮಕೂರು ಜಿಲ್ಲೆಯ ಹೊಸಹಳ್ಳಿ ಎಂಬ ಪುಟ್ಟ ಊರಿನಲ್ಲಿ ಕಟ್ಟಿಗೆಯ ಅನಿಲವನ್ನು ಡೀಸೆಲ್ ಎಂಜಿನ್ನಿಗೆ ಬಿಟ್ಟು ಮನೆಗಳಿಗೆ ದೀಪ ಹಚ್ಚಿದರು. ಈ ಸಲ ಕಾಡು ಕಡಿಯಲಿಲ್ಲ, ಕಟ್ಟಿಗೆಗೆಂದೇ ನೆಡುತೋಪು ಬೆಳೆಸಿದರು. ಕ್ಲೀನರ್ ಹುಡುಗರ ಮಸಿಯ ವಿದ್ಯೆ ಪ್ರಯೋಗಾಲಯ ಹೊಕ್ಕು ಮರ್ಯಾದಸ್ತವಾಗಿ ಹೊರಬಂತು ಎನ್ನೋಣ.

ಬಸ್ಸಿನ ಕತೆಗೆ ಮರಳೋಣ. 1948ರಲ್ಲಿ ಮೈಸೂರು ಸರ್ಕಾರ ತನ್ನದೇ ಸಾರಿಗೆ ಇಲಾಖೆ ತೆರೆಯಿತು. ಆದರೂ ಮಲೆನಾಡು, ಕರಾವಳಿಗಳು ಬಹುಕಾಲ ಖಾಸಗಿ ಬಸ್ಸುಗಳ ರಾಜ್ಯವಾಗಿಯೇ ಉಳಿದವು. ಕೊಪ್ಪದ ಸುತ್ತ ಓಡುತ್ತಿದ್ದದ್ದು ಶಂಕರ್ ಕಂಪನಿಯ ಬಸ್ಸು. ಅಲ್ಲಿ ಮಾಲೀಕರಿಗೂ ಕಾರ್ಮಿಕರಿಗೂ ತಕರಾರಾಗಿ ಕಂಪನಿ ನಿಲ್ಲುವ ಹಂತ ಬಂದಾಗ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೇ ಸೇರಿ ಒಂದು ಸಹಕಾರ ಸಂಘ ಕಟ್ಟಿಕೊಂಡು ಬಸ್ಸು ಬಿಟ್ಟರು. ಅದೇ 1991ರ ‘ಸಹಕಾರ ಸಾರಿಗೆ’. ಆ ವರ್ಷವನ್ನು ಗಮನಿಸಬೇಕು. ಇರಾಕು ಕುವೈತಿನ ಮೇಲೆ ಬಿದ್ದು ಎಣ್ಣೆಯ ಬೆಲೆ ಏರಿ, ವಿದೇಶಿ ವಿನಿಮಯ ಬರಿದಾಗಿ, ದೇಶವೇ ಚಿನ್ನ ಅಡವಿಟ್ಟ ವರ್ಷ ಅದು. ಅಂಥ ಹೊತ್ತಿನಲ್ಲಿ ಕೈಯಲ್ಲಿ ದುಡ್ಡಿಲ್ಲದ ನೌಕರರು ಡೀಸೆಲ್ ಸುಡುವ ವ್ಯವಹಾರಕ್ಕೆ ಇಳಿದರು!

ಕೆಲವೇ ಬಸ್ಸುಗಳಿಂದ ಶುರುವಾದದ್ದು ಎಪ್ಪತ್ತರ ಆಸುಪಾಸಿಗೆ ಬೆಳೆಯಿತು. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ, ತೀರ್ಥಹಳ್ಳಿಯ ಒಳಹಳ್ಳಿಗಳಿಗೆಲ್ಲ ಹೋಯಿತು. ವಿದ್ಯಾರ್ಥಿಗಳಿಗೆ ರಿಯಾಯಿತಿ ಪಾಸು ಕೊಟ್ಟಿತು. ದುಡಿಯುವವರೇ ಮಾಲೀಕರಾದ ಸಂಸ್ಥೆ ಎಂದು ಹೊರಗಿನವರು ಹುಡುಕಿಕೊಂಡು ಬಂದು ನೋಡಿಹೋದರು. ಬಸ್ಸಿನ ಮೈಲೇಜು ಅರ್ಧ ಎಂಜಿನ್ನಿನಲ್ಲಿದ್ದರೆ ಇನ್ನರ್ಧ ಡ್ರೈವರನ ಬಲಗಾಲಿನಲ್ಲಿರುತ್ತದೆ ಎನ್ನುವುದು ಗ್ಯಾರೇಜು ಕಂಡವರಿಗೆಲ್ಲ ಗೊತ್ತು. ಉಳಿಸಿದ ಡೀಸೆಲ್ ಪರರ ಲಾಭವಾಗದೆ ತನ್ನದೇ ಸಂಘದ್ದಾದಾಗ ಆ ಕಾಲು ಹಗುರವಾಗುವುದಕ್ಕೆ ಒಂದು ಕಾರಣವಾದರೂ ಇರುತ್ತದೆ.

ಈಗ ಸ್ವಲ್ಪ ಲೆಕ್ಕ. ಘಾಟಿಯ ತಿರುವುಗಳಲ್ಲಿ ಒಂದು ಬಸ್ಸು ಲೀಟರಿಗೆ ನಾಲ್ಕೇ ಕಿಲೋಮೀಟರ್ ಓಡಿತು ಎನ್ನಿ. ಒಳಗೆ ನಲವತ್ತು ಜನ ಇದ್ದರೆ ಒಂದು ಲೀಟರಿನಲ್ಲಿ ತಲಾ ಒಂದು ಕಿಲೋಮೀಟರಿನಂತೆ 160 ಜನ ಸಾಗಿದ ಹಾಗಾಯಿತು. ಲೀಟರಿಗೆ 50 ಕೊಡುವ ಬೈಕಿನಲ್ಲಿ ಒಬ್ಬನೇ ಹೋದರೆ 50, ಇಬ್ಬರು ಹೋದರೆ 100. ಲೀಟರಿಗೆ 18 ಕೊಡುವ ‘ಮೈಲೇಜ್ ಕಾರಿ’ನಲ್ಲಿ ಗಂಡಹೆಂಡಿರು ಹೋದರೆ ಬರೀ 36. ಷೋರೂಮಿನಲ್ಲಿ ನಾವು ಕೇಳುವ ಪ್ರಶ್ನೆಯೇ ತಪ್ಪು ಎಂದು ನನಗನ್ನಿಸುವುದು ಇದಕ್ಕೆ. ‘ಎಷ್ಟು ಕೊಡುತ್ತದೆ?’ ಎನ್ನುತ್ತೇವೆ, ಎಷ್ಟು ಜನಕ್ಕೆ ಎಂದು ಕೇಳುವುದಿಲ್ಲ. ಹಾಗೆಂದು ಬೈಕು ಕೊಂಡವನನ್ನು ದೂರುವ ಹಾಗೂ ಇಲ್ಲ. ದಿನಕ್ಕೆರಡೇ ಬಸ್ಸಿರುವ ಊರಿನಲ್ಲಿ ಸಂಜೆಯದು ತಪ್ಪಿದರೆ ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು ನಡೆಯುವವನು ಅವನೇ ತಾನೆ?

ಬಸ್ಸಿಗೂ ಈ ಲೆಕ್ಕ ನಿಲ್ಲುವುದು ಸೀಟು ತುಂಬಿದಾಗ ಮಾತ್ರ. ಹತ್ತೇ ಜನ ಕೂತರೆ 160 ಹೋಗಿ 40 ಆಗುತ್ತದೆ, ಕಾರಿನ ಸಮಕ್ಕೆ ಬಂದು ನಿಲ್ಲುತ್ತದೆ. ಸಹಕಾರ ಸಾರಿಗೆಗೆ ಆದದ್ದು ಇದೇ. ಮನೆಮನೆಗೆ ಬೈಕು ಬಂತು. 2013ರಿಂದ ಡೀಸೆಲ್ ಬೆಲೆ ತಿಂಗಳು ತಿಂಗಳು ಸ್ವಲ್ಪಸ್ವಲ್ಪವಾಗಿ ಏರಿತು, 2014ರ ಅಕ್ಟೋಬರಿನಲ್ಲಿ ಸರ್ಕಾರದ ಹಿಡಿತ ಪೂರ್ತಿ ಸಡಿಲವಾಯಿತು. ತೆರಿಗೆ, ವಿಮೆ, ಬಿಡಿಭಾಗ ಎಲ್ಲದರ ದರವೂ ಜೊತೆಗೇ ಏರಿತು. ಟಿಕೆಟ್ ದರ ಏರಿಸಿದರೆ ಇದ್ದ ಜನವೂ ಬೈಕು ಹತ್ತುತ್ತಾರೆ, ಏರಿಸದಿದ್ದರೆ ಸಂಬಳಕ್ಕಿಲ್ಲ. ಕಾರ್ಮಿಕರೇ ಮಾಲೀಕರಾದ್ದರಿಂದ ನಷ್ಟವನ್ನು ದಾಟಿಸಲು ಮೇಲೆ ಯಾರೂ ಇರಲಿಲ್ಲ, ಬಾಕಿ ಬಿದ್ದದ್ದು ಅವರದೇ ಸಂಬಳ. 2020ರ ಫೆಬ್ರವರಿಯಲ್ಲಿ ಬಸ್ಸುಗಳು ನಿಂತವು. ಮುಂದಿನ ತಿಂಗಳು ಕೊರೊನಾ ಬಂದು ಇಡೀ ದೇಶದ ಬಸ್ಸುಗಳೇ ನಿಂತುಬಿಟ್ಟವು. ಹಾಗಾಗಿ ಮಲೆನಾಡಿನ ಈ ಸಾವಿನ ಸುದ್ದಿ ಆ ಗದ್ದಲದಲ್ಲಿ ಎಲ್ಲೋ ಮುಚ್ಚಿಹೋಯಿತು.

ದೇಶಕ್ಕೆ ಬೇಕಾದ ಕಚ್ಚಾ ತೈಲದಲ್ಲಿ ಈಗ ನೂರಕ್ಕೆ 85ಕ್ಕೂ ಹೆಚ್ಚು ಪಾಲು ಹೊರಗಿನದು. ಪೆಟ್ರೋಲಿಗೆ ಎಥೆನಾಲ್ ಬೆರೆಸುತ್ತಿದ್ದೇವೆ, ಅದೂ ಹೊಸ ಸಂಗತಿಯೇನಲ್ಲ. ‘ಪವರ್ ಆಲ್ಕೋಹಾಲ್’ ಬೆರೆಸಲು 1948ರಲ್ಲೇ ಒಂದು ಕಾಯ್ದೆಯಾಗಿತ್ತು. ಬೆಂಗಳೂರಿನಿಂದ ಚಿಕ್ಕಮಗಳೂರಿನವರೆಗೆ ವಿದ್ಯುತ್ ಬಸ್ಸು ಬಂದಿದೆ. ಅದಕ್ಕೆ ಬೇಕಾದ ವಿದ್ಯುತ್ತಿನಲ್ಲಿ ಒಂದಿಷ್ಟು ಶರಾವತಿ, ವಾರಾಹಿಗಳದ್ದು, ಅಂದರೆ ಇದೇ ಮಲೆನಾಡಿನ ಮಳೆಯದ್ದು. ಆ ಬಸ್ಸು ಚಿಕ್ಕಮಗಳೂರಿನಲ್ಲಿ ನಿಲ್ಲುತ್ತದೆ. ಅಲ್ಲಿಂದ ಬಾಳೆಹೊನ್ನೂರು ದಾಟಿ ಕೊಪ್ಪಕ್ಕೆ ಬರುವವರು ಈಗಲೂ ಡೀಸೆಲ್ ಬಸ್ಸಿಗೇ ಕಾಯಬೇಕು.