ರೇರಾ ಕಾಯ್ದೆಯ ಸಂಕ್ರಮಣಕಾಲೀನ ನಿಯಮಗಳು

ರೇರಾ ಕಾಯ್ದೆಯ ಸಂಕ್ರಮಣಕಾಲೀನ ನಿಯಮಗಳು ಎಂದರೆ ಭಾರತದ ಸ್ಥಿರಾಸ್ತಿ (ನಿಯಂತ್ರಣ ಮತ್ತು ಅಭಿವೃದ್ಧಿ) ಕಾಯ್ದೆ, 2016 ಜಾರಿಗೆ ಬರುವ ಮೊದಲೇ ಆರಂಭವಾಗಿ, ಆ ವೇಳೆಗೆ ಪೂರ್ಣಗೊಳ್ಳದೆ ಇದ್ದ ವಸತಿ ಯೋಜನೆಗಳಿಗೆ ಅನ್ವಯಿಸಿದ ಉಪಬಂಧಗಳು. ಇಂತಹ ಯೋಜನೆಗಳನ್ನು ಕಾಯ್ದೆಯು ‘ಚಾಲ್ತಿಯಲ್ಲಿರುವ ಯೋಜನೆಗಳು’ ಎಂದು ಪರಿಗಣಿಸುತ್ತದೆ. ಮನೆ ನಿರ್ಮಿಸಿ ಮಾರುವ ಪ್ರವರ್ತಕರು ಇವುಗಳನ್ನು ನೋಂದಾಯಿಸಲು ಕಾಯ್ದೆಯು ಮೂರು ತಿಂಗಳ ಕಾಲಾವಕಾಶ ನೀಡಿತು.

ಹಿನ್ನೆಲೆ

ಮುಂಗಡ ಹಣ ಕೊಟ್ಟು ವರ್ಷಗಟ್ಟಲೆ ಕಾದರೂ ಮನೆ ಕೈಸೇರದಿರುವುದು, ಒಂದು ಯೋಜನೆಗೆಂದು ಪಡೆದ ಹಣ ಮತ್ತೊಂದು ಯೋಜನೆಗೆ ಬಳಕೆಯಾಗುವುದು ದೇಶದ ಅನೇಕ ನಗರಗಳಲ್ಲಿ ಖರೀದಿದಾರರು ಎದುರಿಸುತ್ತಿದ್ದ ತೊಂದರೆಗಳಾಗಿದ್ದವು. ಇವುಗಳ ನಿವಾರಣೆಗಾಗಿ ಸಂಸತ್ತು ಅಂಗೀಕರಿಸಿದ ಮಸೂದೆಗೆ 2016ರ ಮಾರ್ಚ್ 25ರಂದು ರಾಷ್ಟ್ರಪತಿಗಳ ಅಂಕಿತ ದೊರೆಯಿತು. ಒಟ್ಟು 92 ಪ್ರಕರಣಗಳಲ್ಲಿ ಕೆಲವು 2016ರ ಮೇ 1ರಿಂದಲೂ, ನೋಂದಣಿ ಹಾಗೂ ಪ್ರವರ್ತಕರ ಹೊಣೆಗಳನ್ನು ಕುರಿತ 3ರಿಂದ 19ರವರೆಗಿನ ಪ್ರಕರಣಗಳು 2017ರ ಮೇ 1ರಿಂದಲೂ ಜಾರಿಗೆ ಬಂದವು.

ಹೊಸ ನಿಯಮಗಳು ಮುಂದೆ ಆರಂಭವಾಗುವ ಕಟ್ಟಡಗಳಿಗೆ ಮಾತ್ರ ಸೀಮಿತವಾಗಿದ್ದರೆ, ಅರ್ಧಕ್ಕೆ ನಿಂತ ಕಟ್ಟಡಗಳಲ್ಲಿ ಆಗಲೇ ಹಣ ತೊಡಗಿಸಿದ್ದವರಿಗೆ ಅದರಿಂದ ಪ್ರಯೋಜನವಾಗುತ್ತಿರಲಿಲ್ಲ. ಇತ್ತ ಪ್ರವರ್ತಕರು ಹಳೆಯ ಕಾನೂನಿನ ಅಡಿಯಲ್ಲಿ ಮಾಡಿಕೊಂಡ ಒಪ್ಪಂದಗಳಿಗೆ ಹೊಸ ಹೊಣೆ ಹೊರಿಸುವುದು ನ್ಯಾಯವೇ ಎಂಬ ಪ್ರಶ್ನೆಯೂ ಇತ್ತು.

ಕಾಯ್ದೆಯ ಉಪಬಂಧಗಳು

ಕಾಯ್ದೆಯ 3ನೆಯ ಪ್ರಕರಣದ ಪ್ರಕಾರ, ನೋಂದಣಿಯಾಗದ ಯೋಜನೆಯ ಜಾಹೀರಾತು ನೀಡುವಂತಿಲ್ಲ. ಅದರ ನಿವೇಶನ ಅಥವಾ ಮನೆಯನ್ನು ಮಾರುವಂತಿಲ್ಲ. ಕಾಯ್ದೆ ಜಾರಿಗೆ ಬಂದ ದಿನ ಚಾಲ್ತಿಯಲ್ಲಿದ್ದು, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ದೊರೆಯದ ಯೋಜನೆಗಳಿಗೆ ಮೂರು ತಿಂಗಳೊಳಗೆ, ಅಂದರೆ 2017ರ ಜುಲೈ 31ರೊಳಗೆ, ಅರ್ಜಿ ಸಲ್ಲಿಸಬೇಕಾಗಿತ್ತು.

ಈ ಕೆಳಗಿನವುಗಳಿಗೆ ನೋಂದಣಿ ಅಗತ್ಯವಿಲ್ಲ:

• ಜಮೀನಿನ ವಿಸ್ತೀರ್ಣ 500 ಚದರ ಮೀಟರ್ ಮೀರದ ಅಥವಾ ಎಲ್ಲ ಹಂತಗಳೂ ಸೇರಿ ಎಂಟಕ್ಕಿಂತ ಹೆಚ್ಚು ಮನೆಗಳಿಲ್ಲದ ಯೋಜನೆಗಳು
• ಕಾಯ್ದೆ ಜಾರಿಗೆ ಮೊದಲೇ ಪೂರ್ಣಗೊಂಡ ಪ್ರಮಾಣಪತ್ರ ಪಡೆದ ಯೋಜನೆಗಳು
• ಹೊಸ ಮಾರಾಟ ಅಥವಾ ಹಂಚಿಕೆಯಿಲ್ಲದ ದುರಸ್ತಿ ಹಾಗೂ ನವೀಕರಣ ಕೆಲಸಗಳು

ನೋಂದಣಿ ಮಾಡಿಸದ ಪ್ರವರ್ತಕರಿಗೆ ಯೋಜನೆಯ ಅಂದಾಜು ವೆಚ್ಚದ ಶೇ. 10ರವರೆಗೆ ದಂಡ ವಿಧಿಸಲು 59ನೆಯ ಪ್ರಕರಣ ಅವಕಾಶ ನೀಡುತ್ತದೆ.

ಹಣ ಮತ್ತು ಅವಧಿ

ಖರೀದಿದಾರರಿಂದ ಪಡೆದ ಹಣದಲ್ಲಿ ಶೇ. 70ರಷ್ಟನ್ನು ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿಟ್ಟು, ಜಮೀನು ಹಾಗೂ ನಿರ್ಮಾಣ ವೆಚ್ಚಕ್ಕೆ ಮಾತ್ರ ಬಳಸಬೇಕು. ಕೆಲಸ ಮುಂದುವರಿದ ಪ್ರಮಾಣವನ್ನು ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಚಾರ್ಟರ್ಡ್ ಅಕೌಂಟೆಂಟ್ ದೃಢೀಕರಿಸಿದ ಮೇಲೆಯೇ ಈ ಖಾತೆಯಿಂದ ಹಣ ತೆಗೆಯಬಹುದು.

ನೋಂದಣಿಯ ವೇಳೆ ಪ್ರವರ್ತಕರು ಯೋಜನೆ ಮುಗಿಸುವ ಅವಧಿಯನ್ನು ಘೋಷಿಸಬೇಕು. ಚಾಲ್ತಿಯಲ್ಲಿದ್ದ ಯೋಜನೆಗಳಿಗೆ ಇದು ಹೊಸ ಗಡುವನ್ನು ಸೂಚಿಸುವ ಅವಕಾಶವಾಯಿತು. ಇದರಿಂದ ಖರೀದಿದಾರರೊಂದಿಗಿನ ಹಳೆಯ ಒಪ್ಪಂದದ ದಿನಾಂಕವೂ ಬದಲಾಗುವುದೇ ಎಂಬುದು ವಿವಾದಕ್ಕೆ ಕಾರಣವಾಯಿತು.

ಕರ್ನಾಟಕದಲ್ಲಿ

ಕರ್ನಾಟಕ ರಿಯಲ್ ಎಸ್ಟೇಟ್ (ನಿಯಂತ್ರಣ ಮತ್ತು ಅಭಿವೃದ್ಧಿ) ನಿಯಮಗಳು, 2017 ಪ್ರಕಟವಾದದ್ದು 2017ರ ಜುಲೈ 10ರಂದು. ಹೀಗಾಗಿ ಕಾಯ್ದೆಯ ಗಡುವಿಗೆ ಉಳಿದದ್ದು ಮೂರು ವಾರ ಮಾತ್ರ.

‘ಚಾಲ್ತಿಯಲ್ಲಿರುವ ಯೋಜನೆ’ ಎಂಬುದರ ವ್ಯಾಖ್ಯೆಯಿಂದ ಈ ನಿಯಮಗಳು ಕೆಲವು ಯೋಜನೆಗಳನ್ನು ಹೊರಗಿಟ್ಟವು. ರಸ್ತೆ ಹಾಗೂ ನಾಗರಿಕ ಸೌಲಭ್ಯದ ನಿವೇಶನಗಳನ್ನು ಸ್ಥಳೀಯ ಸಂಸ್ಥೆಗೆ ಒಪ್ಪಿಸಿದ ಬಡಾವಣೆಗಳು, ಸಾಮಾನ್ಯ ಪ್ರದೇಶಗಳನ್ನು ನಿವಾಸಿಗಳ ಸಂಘಕ್ಕೆ ಹಸ್ತಾಂತರಿಸಿದ ಕಟ್ಟಡಗಳು, ಕಾಮಗಾರಿ ಮುಗಿದು ಶೇ. 60ರಷ್ಟು ಮನೆ ಅಥವಾ ನಿವೇಶನಗಳ ಕ್ರಯಪತ್ರ ನೋಂದಣಿಯಾದ ಯೋಜನೆಗಳು, ಕಾಮಗಾರಿ ಮುಗಿಸಿ ಸ್ವಾಧೀನಾನುಭವ ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸಿದ ಯೋಜನೆಗಳು ಇವುಗಳಲ್ಲಿ ಸೇರಿವೆ. ಕೇಂದ್ರದ ಕಾಯ್ದೆಯು ಪ್ರಮಾಣಪತ್ರ ದೊರೆತಿದೆಯೇ ಎಂಬುದನ್ನು ಒರೆಗಲ್ಲಾಗಿ ಇರಿಸಿಕೊಂಡಿದ್ದರೆ, ರಾಜ್ಯದ ನಿಯಮವು ಅರ್ಜಿ ಸಲ್ಲಿಕೆಯನ್ನೇ ಸಾಕೆಂದು ಪರಿಗಣಿಸಿತು. ಮನೆ ಖರೀದಿದಾರರ ಸಂಘಟನೆಗಳು ಈ ಸಡಿಲಿಕೆಯನ್ನು ಟೀಕಿಸಿದವು.

ನ್ಯಾಯಾಲಯಗಳ ತೀರ್ಪುಗಳು

ಹಳೆಯ ಯೋಜನೆಗಳಿಗೆ ಕಾಯ್ದೆಯನ್ನು ಅನ್ವಯಿಸುವುದನ್ನು ಪ್ರವರ್ತಕರು ಪ್ರಶ್ನಿಸಿದರು. ನೀಲ್‌ಕಮಲ್ ರಿಯಲ್ಟರ್ಸ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2017ರ ಡಿಸೆಂಬರ್ 6ರಂದು ಕಾಯ್ದೆಯ ಸಿಂಧುತ್ವವನ್ನು ಎತ್ತಿಹಿಡಿಯಿತು. ಪ್ರವರ್ತಕರು ನೋಂದಣಿಯಲ್ಲಿ ಹೊಸ ಗಡುವು ಸೂಚಿಸಿದರೂ ಮೂಲ ಒಪ್ಪಂದ ತಿದ್ದಲ್ಪಡುವುದಿಲ್ಲ. 18ನೆಯ ಪ್ರಕರಣದಂತೆ ವಿಳಂಬವನ್ನು ಮೂಲ ಒಪ್ಪಂದದ ದಿನಾಂಕದಿಂದಲೇ ಎಣಿಸಬೇಕು ಎಂದು ಅದು ಸ್ಪಷ್ಟಪಡಿಸಿತು. ಉದಾಹರಣೆಗೆ, ಒಪ್ಪಂದದಲ್ಲಿ ಮನೆ ಹಸ್ತಾಂತರದ ದಿನ 2015ರ ಡಿಸೆಂಬರ್ ಎಂದಿದ್ದು, ನೋಂದಣಿಯಲ್ಲಿ 2018ರ ಡಿಸೆಂಬರ್ ಎಂದು ಘೋಷಿಸಿದ್ದರೆ, ಖರೀದಿದಾರನ ಬಡ್ಡಿಯ ಹಕ್ಕಿಗೆ 2015ರ ದಿನಾಂಕವೇ ಆಧಾರವಾಗುತ್ತದೆ. ಆದರೆ ಕಾಯ್ದೆಯಲ್ಲಿನ ದಂಡನೆಗಳು ಹಿಂದಿನ ಕೃತ್ಯಗಳಿಗೆ ಅನ್ವಯಿಸುವುದಿಲ್ಲ ಎಂದೂ ನ್ಯಾಯಾಲಯ ಹೇಳಿತು.

ನ್ಯೂಟೆಕ್ ಪ್ರಮೋಟರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರ ನವೆಂಬರ್ 11ರಂದು ಈ ಪ್ರಶ್ನೆಯನ್ನು ದೇಶದ ಮಟ್ಟದಲ್ಲಿ ಇತ್ಯರ್ಥಪಡಿಸಿತು. ಕಾಯ್ದೆಯು ಮುಗಿದುಹೋದ ವ್ಯವಹಾರಗಳನ್ನು ಕೆದಕುವುದಿಲ್ಲ. ಹಿಂದೆ ಆರಂಭವಾಗಿ ಇನ್ನೂ ಮುಂದುವರಿಯುತ್ತಿರುವ ಯೋಜನೆಯನ್ನು ಮಾತ್ರ ತನ್ನ ವ್ಯಾಪ್ತಿಗೆ ತರುತ್ತದೆ ಎಂಬುದು ತೀರ್ಪಿನ ತಿರುಳು. ಕಾಯ್ದೆಗೆ ಮೊದಲೇ ಪೂರ್ಣಗೊಂಡ ಪ್ರಮಾಣಪತ್ರ ಪಡೆದ ಯೋಜನೆಗಳು ಈ ವ್ಯಾಪ್ತಿಗೆ ಬರುವುದಿಲ್ಲ.

ಬಾಕಿ ಇದ್ದ ದೂರುಗಳು

ಕಾಯ್ದೆ ಜಾರಿಯಾಗುವ ವೇಳೆಗೆ ಗ್ರಾಹಕ ವೇದಿಕೆಗಳಲ್ಲಿ ಬಾಕಿ ಇದ್ದ ದೂರುಗಳಿಗೂ 71ನೆಯ ಪ್ರಕರಣವು ದಾರಿ ತೋರಿತು. ದೂರುದಾರರು ವೇದಿಕೆಯ ಅನುಮತಿ ಪಡೆದು ದೂರನ್ನು ಹಿಂತೆಗೆದುಕೊಂಡು, ರೇರಾ ನ್ಯಾಯನಿರ್ಣಯ ಅಧಿಕಾರಿಯ ಮುಂದೆ ಸಲ್ಲಿಸಬಹುದಾಗಿತ್ತು. ಇದು ಕಡ್ಡಾಯವಾಗಿರಲಿಲ್ಲ. ಗ್ರಾಹಕ ವೇದಿಕೆಯ ಪರಿಹಾರಮಾರ್ಗ ರೇರಾ ಬಂದ ಮೇಲೂ ಮುಕ್ತವಾಗಿದೆ ಎಂದು ಇಂಪೀರಿಯಾ ಸ್ಟ್ರಕ್ಚರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರ ನವೆಂಬರ್ 2ರಂದು ತೀರ್ಪಿತ್ತಿತು.

ಮಹತ್ವ

ಹೊಸ ಕಟ್ಟಡಗಳಿಗೆ ಕಾಯ್ದೆಯ ಅನ್ವಯ ನೇರವಾದದ್ದು. ಹಳೆಯ ಯೋಜನೆಗಳಲ್ಲಿ ಮನೆ ಕಾಯ್ದಿರಿಸಿದವರ ಹಕ್ಕು ಮಾತ್ರ ಯೋಜನೆಯು ‘ಚಾಲ್ತಿಯಲ್ಲಿದೆ’ ಎಂಬ ವ್ಯಾಖ್ಯೆಯೊಳಗೆ ಬರುವುದೇ ಇಲ್ಲವೇ ಎಂಬುದನ್ನು ಅವಲಂಬಿಸಿದೆ. ಆದುದರಿಂದ ಅಂತಹ ವ್ಯಾಜ್ಯಗಳಲ್ಲಿ ಪೂರ್ಣಗೊಂಡ ಪ್ರಮಾಣಪತ್ರದ ದಿನಾಂಕ, ಒಪ್ಪಂದದ ದಿನಾಂಕ ಹಾಗೂ ನೋಂದಣಿಯಲ್ಲಿ ಘೋಷಿಸಿದ ಗಡುವು ಮುಖ್ಯ ದಾಖಲೆಗಳಾಗುತ್ತವೆ.