ರಾತ್ರಿ ಉಣ್ಣುವ ದೇವದತ್ತ ಮತ್ತು ಗೋದಾವರಿ

ಪುಣೆಯ ನಮ್ಮ ರಾಜ್ಯೋತ್ಸವದಲ್ಲಿ ಪ್ರತಿವರ್ಷ ಒಬ್ಬರಾದರೂ ಗೋದಾವರಿಯ ಮಾತೆತ್ತುತ್ತಾರೆ. ಕಾವೇರಿಯಿಂದ ಗೋದಾವರಿಯವರೆಗೆ ಕನ್ನಡನಾಡು ಎಂದು ಕವಿರಾಜಮಾರ್ಗವೇ ಹೇಳಿದೆ, ಅಂದಮೇಲೆ ನಾವು ಇಲ್ಲಿಗೆ ವಲಸೆ ಬಂದವರಲ್ಲ, ನಮ್ಮ ಮನೆಯಲ್ಲೇ ಇದ್ದೇವೆ ಎಂದು. ಚಪ್ಪಾಳೆ ಬೀಳುತ್ತದೆ. ನಾನೂ ತಟ್ಟಿದ್ದೇನೆ. ಇಪ್ಪತ್ತು ವರ್ಷ ಬಾಡಿಗೆ ಮನೆಗಳಲ್ಲಿ ಕಳೆದವನಿಗೆ ಆ ಮಾತು ಹಿತವಾಗಿಯೇ ಕೇಳಿಸುತ್ತದೆ.

ಬ್ಯಾಂಕ್ ಪರೀಕ್ಷೆಗೆ ಓದುತ್ತಿದ್ದ ಅಕ್ಕನ ಮಗಳು ಒಮ್ಮೆ ಪುಸ್ತಕ ಹಿಡಿದು ಬಂದಳು. "ಮಾಮಾ, ಹೇಳಿಕೆಯ ಹಿಂದೆ ಇರಲೇಬೇಕಾದ ಊಹೆ ಯಾವುದು, ಅದರಿಂದ ಮುಂದಕ್ಕೆ ಎಳೆಯಬಹುದಾದ ತೀರ್ಮಾನ ಯಾವುದು? ನನಗೆ ಎರಡೂ ಒಂದೇ ಥರ ಕಾಣ್ತವೆ." ನನಗೆ ನೆನಪಾದವನು ದೇವದತ್ತ.

ಮೀಮಾಂಸಕರ ಈ ದೇವದತ್ತ ದಪ್ಪಗಿದ್ದಾನೆ, ಆದರೆ ಹಗಲು ಉಣ್ಣುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಿರಲೇಬೇಕು. ಇಲ್ಲವೆಂದರೆ ಗೊತ್ತಿರುವ ಎರಡು ಸಂಗತಿಗಳು ಒಂದಕ್ಕೊಂದು ಹೊಂದುವುದಿಲ್ಲ. ಇದಕ್ಕೆ ಅರ್ಥಾಪತ್ತಿ ಎಂದು ಹೆಸರು. ಸುಮಾರು 7ನೆಯ ಶತಮಾನದ ಕುಮಾರಿಲ ಭಟ್ಟ ಇದನ್ನು ಅನುಮಾನಕ್ಕಿಂತ ಬೇರೆ ಪ್ರಮಾಣವೆಂದು ವಾದಿಸಿದ. ನೈಯಾಯಿಕರು ಒಪ್ಪಲಿಲ್ಲ, ಇದೂ ಅನುಮಾನವೇ ಎಂದರು. (ನಮ್ಮ ಬಾಯಲ್ಲಿ ಅನುಮಾನವೆಂದರೆ ಈಗ ಸಂಶಯ. ಶಾಸ್ತ್ರದಲ್ಲಿ ಅದು ಸಂಶಯ ಕಳೆಯುವ ದಾರಿ.) ಆ ಜಗಳ ಹಾಗಿರಲಿ. 'ಇಲ್ಲ' ಅಂದು ನೋಡು, ಹೇಳಿಕೆ ಬಿದ್ದುಹೋಗುತ್ತದೆಯೇ ಎಂದು ಹುಡುಗಿಗೆ ಹೇಳಿದೆ. ರಾತ್ರಿಯೂಟ ಇರಲೇಬೇಕಾದದ್ದು. ಅವನು ವ್ರತ ಹಿಡಿದಿದ್ದಾನೆ, ಕದ್ದು ತಿನ್ನುತ್ತಾನೆ ಎಂಬುವು ಇರಬಹುದಾದವು.

ಅವಳು ಹೋದಮೇಲೆ ಕವಿರಾಜಮಾರ್ಗವನ್ನೂ ಹೀಗೇ ಕೆಣಕಿ ನೋಡಿದೆ. ಸುಮಾರು 850ರಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಆಸ್ಥಾನದಲ್ಲಿ ಹುಟ್ಟಿದ, ನಮಗೆ ಉಳಿದಿರುವ ಮೊದಲ ಕನ್ನಡ ಗ್ರಂಥ. ಅದಕ್ಕೂ ಹಿಂದೆ ಕನ್ನಡದಲ್ಲಿ ಸಾಹಿತ್ಯವಿತ್ತೇ? ಅದರ ಲಕ್ಷಣ, ಉದಾಹರಣೆಗಳಲ್ಲಿ ಬಹಳಷ್ಟು ದಂಡಿಯ ಕಾವ್ಯಾದರ್ಶದಿಂದ ಬಂದವು, ಹಾಗಾಗಿ ಅವನ್ನು ಸಾಕ್ಷಿಗೆ ಕರೆಯುವಂತಿಲ್ಲ. ಆದರೆ ಚತ್ತಾಣ, ಬೆದಂಡೆ ಎಂಬ ಕನ್ನಡದ್ದೇ ಕಾವ್ಯರೂಪಗಳನ್ನು ಅದು ಹೇಳುತ್ತದೆ. ವಿಮಳ, ಉದಯ, ನಾಗಾರ್ಜುನ, ಜಯಬಂಧು, ದುರ್ವಿನೀತ ಎಂದು ಗದ್ಯ ಬರೆದವರನ್ನು ಹೆಸರಿಸುತ್ತದೆ. ಕನ್ನಡದಲ್ಲಿ ಬರವಣಿಗೆಯೇ ಇರಲಿಲ್ಲವೆಂದರೆ ಈ ಮಾತುಗಳನ್ನು ಅಂದಿನ ಓದುಗನಿಗೆ ಹೇಳಲು ಬರುವುದೇ ಇಲ್ಲ. ಇದು ದೇವದತ್ತನ ರಾತ್ರಿಯೂಟ.

ಈ ದುರ್ವಿನೀತ ಗಂಗರ ಅರಸನೇ? ಆ ಅರಸ ಭಾರವಿಯ ಕಿರಾತಾರ್ಜುನೀಯದ 15ನೆಯ ಸರ್ಗಕ್ಕೆ ಟೀಕೆ ಬರೆದನೆಂದು ಶಾಸನ ಹೇಳುತ್ತದೆ. ಹೆಸರು ಒಂದೇ, ಪಾಂಡಿತ್ಯವೂ ಇತ್ತು. ನನ್ನ ಮನಸ್ಸೂ ಹೌದೆನ್ನುತ್ತದೆ. ಆದರೆ 'ಅಲ್ಲ' ಎಂದರೆ ಕವಿರಾಜಮಾರ್ಗದ ಒಂದು ಅಕ್ಷರವೂ ಅಲುಗುವುದಿಲ್ಲ. ನಮ್ಮ ಎಷ್ಟೋ ಪಠ್ಯಪುಸ್ತಕಗಳಲ್ಲಿ ಈ 'ಇರಬಹುದು' ಸದ್ದಿಲ್ಲದೆ 'ಹೌದು' ಆಗಿಬಿಟ್ಟಿದೆ.

ಇನ್ನು ಗೋದಾವರಿ. ಆ ಮಾತು ನಿಲ್ಲಬೇಕಾದರೆ ಕನ್ನಡವೆಂಬ ನುಡಿಗೆ ಒಂದು ನಾಡಿದೆ ಎಂಬ ಕಲ್ಪನೆ 9ನೆಯ ಶತಮಾನದಲ್ಲೇ ಬೇರೂರಿರಬೇಕು. ಅದೇನು ಸಣ್ಣ ಸಂಗತಿಯಲ್ಲ. ಆದರೆ ಆ ಎಲ್ಲೆಯೊಳಗೆ ಬೇರೆ ನುಡಿಯೇ ಇರಲಿಲ್ಲ ಎಂಬುದು ಅದರಲ್ಲಿಲ್ಲ. ಗ್ರಂಥ ತಾನೇ ತಿರುಳ್ಗನ್ನಡದ ಸೀಮೆಯನ್ನು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದಗಳ ನಡುವೆ ಇಟ್ಟಿದೆ. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರದ ಕಡೆ. ಸೊಲ್ಲಾಪುರ, ಮಂಗಳವೇಢೆಯ ಕನ್ನಡ ಶಾಸನಗಳೂ ಹೀಗೆಯೇ: ಬರೆಸಿದವನಿಗೆ, ಬರೆದವನಿಗೆ ಅಲ್ಲಿ ಕನ್ನಡ ಬೇಕಾಗಿತ್ತು. ಸಂತೆಯಲ್ಲಿ ಸೊಪ್ಪು ಮಾರುವವಳು ಯಾವ ನುಡಿಯಲ್ಲಿ ಕೂಗುತ್ತಿದ್ದಳೆಂದು ಕಲ್ಲು ಹೇಳುವುದಿಲ್ಲ.

ಈ ಸಲ ರಾಜ್ಯೋತ್ಸವದಲ್ಲಿ ಭಾಷಣಕಾರರಿಗೆ ಕಾಫಿಯ ಹೊತ್ತಿನಲ್ಲಿ ಇಷ್ಟನ್ನೂ ಹೇಳಿದೆ. "ಸರಿ ರಾಯರೇ, ಆದರೆ ಇದಕ್ಕೆ ಚಪ್ಪಾಳೆ ಬೀಳೋದಿಲ್ಲವಲ್ಲ" ಅಂದರು. ಪಕ್ಕದಲ್ಲಿ ಕಾಫಿ ಬಗ್ಗಿಸುತ್ತಿದ್ದ ಹುಡುಗ ಮರಾಠಿಯಲ್ಲಿ ಸಕ್ಕರೆ ಎಷ್ಟೆಂದು ಕೇಳಿದ. ಇಬ್ಬರೂ ಮರಾಠಿಯಲ್ಲೇ ಉತ್ತರ ಕೊಟ್ಟೆವು.